ಗಲ್ಲದಲ್ಲಿ ಹಿಡಿದ ಉಸಿರು

ನಮ್ಮೂರಿನಲ್ಲಿ ಈಗ ಎದುರಿಗೆ ಸಿಕ್ಕವರು ಊಟವಾಯಿತೇ ಎಂದು ಕೇಳುವುದಿಲ್ಲ, ಹಸಿರೋ ಕೆಂಪೋ ಎಂದು ಕೇಳುತ್ತಾರೆ. ಕಿರಾಣಿ ಅಂಗಡಿಯ ಮುಂದೆ ಎಣ್ಣೆಯ ಪೊಟ್ಟಣ ಹಿಡಿದುಕೊಂಡೇ ಇನ್ನೊಬ್ಬರ ಶ್ವಾಸಕೋಶದ ಹಣೆಬರಹ ವಿಚಾರಿಸುವಷ್ಟು ಸಲಿಗೆ ಬಂದುಬಿಟ್ಟಿದೆ ಜನಕ್ಕೆ. ಹೆಣ್ಣು ನೋಡಲು ಬಂದವರೂ ಅಷ್ಟೇ, ಜಾತಕ ಆಮೇಲಾಯಿತು, ಮೊದಲು ಎದೆಯ ಮುಂಬಿಂಬ ತೋರಿಸಿ ಎನ್ನುತ್ತಾರೆ. ಇದನ್ನೆಲ್ಲ ಕಂಡರೆ ನನಗೆ ಮೈ ಉರಿಯುತ್ತದೆ. ಉರಿದುಕೊಳ್ಳಲು ನನಗೆ ಹಕ್ಕೂ ಇದೆ. ಆ ಮುಂಬಿಂಬ ತಯಾರಿಸುವ ಕೇಂದ್ರದಲ್ಲಿಯೇ ನಾನು ಕೆಲಸ ಮಾಡುತ್ತೇನೆ, ಮತ್ತು ನಮ್ಮಪ್ಪ ತೀರಿಕೊಂಡದ್ದು ಅವನ ಚಿತ್ರ ಹಸಿರು ಬಂದ ಮೇಲೆ.

ನನ್ನ ಹೆಸರು ದಾಕ್ಷಾಯಣಿ. ಅಪ್ಪ ಮೌನೇಶಪ್ಪ ಪತ್ತಾರ, ಗದಗ ಸೀಮೆಯ ಮುಳಗೇರಿಯ ಅಕ್ಕಸಾಲಿ. ಅವ್ವ ಕಾಳವ್ವ. ನಾನು ಒಬ್ಬಳೇ ಮಗಳು. ಕೊಟ್ಟ ಮನೆಯಲ್ಲಿ ಬಾಳುವೆ ಹೊಂದಲಿಲ್ಲ, ತಿರುಗಿ ಬಂದೆ, ಆ ಕಥೆ ಇಲ್ಲಿ ಬೇಡ. ಬಂದ ಮೇಲೆ ಊರ ಹೊರಗಿನ ಶ್ವಾಸಬಿಂಬ ಕೇಂದ್ರದಲ್ಲಿ ಬಿಂಬಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಸಿಕ್ಕಿತು. ಮಗಳು ದೊಡ್ಡ ಯಂತ್ರದ ಮುಂದೆ ಕೂರುತ್ತಾಳೆ ಎಂದು ಅಪ್ಪ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಕಾಯಿಲೆಯ ವಿಷಯ ಸ್ವಲ್ಪ ಹೇಳಬೇಕು. ಹೊಳೆಯ ನೀರು ಸಾಲದಾದ ಮೇಲೆ ಊರಿನ ಬಚ್ಚಲ ನೀರನ್ನೇ ಸೋಸಿ, ಶುದ್ಧ ಮಾಡಿ, ಉದ್ದುದ್ದ ಪೈಪುಗಳಲ್ಲಿ ಸುತ್ತಿಸಿ ಮತ್ತೆ ನಮಗೇ ಕೊಡುವ ಏರ್ಪಾಡು ಬಂದಿತ್ತು. ನೀರೇನೋ ಶುದ್ಧವೇ. ಆದರೆ ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಕ್ಷಯದ ರೋಗಾಣುವಿನ ದಾಯಾದಿಯೊಂದು ಬೀಡುಬಿಟ್ಟಿತು. ಕ್ಲೋರಿನ್‌ಗೂ ಜಗ್ಗದ ಜಾತಿ ಅದು. ಕ್ಷಯದ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸ್ನಾನದ ಬಿಸಿನೀರಿನ ಹಬೆಯಲ್ಲಿ ಎದೆಗಿಳಿಯುತ್ತದೆ, ಗಟ್ಟಿಮುಟ್ಟಾದ ಎದೆಯಾದರೆ ಸುಮ್ಮನೆ ಹೊರಟುಹೋಗುತ್ತದೆ, ಮೊದಲೇ ಸವೆದ ಎದೆಯಾದರೆ ಅಲ್ಲೇ ಸಂಸಾರ ಹೂಡುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಕೊರೆದು, ಗಾಳಿ ಆಡುವ ಜಾಗದಲ್ಲಿ ಗಾಯದ ಗಂಟು ಕಟ್ಟಿ, ಕಡೆಗೆ ಗವಿ ಮಾಡಿ ಬಿಡುತ್ತದೆ. ಡಾಕ್ಟರು ಇಟ್ಟ ಹೆಸರು ಮಾರುದ್ದ ಇದೆ. ಜನ ಅದನ್ನು ಪೈಪಿನ ಕೆಮ್ಮು ಎಂದರು. ಇದ್ದಿಲ ಹೊಗೆ, ಆಮ್ಲದ ಹಬೆ ಕುಡಿದೇ ಬೆಳೆದ ಅಕ್ಕಸಾಲಿಗಳ ಎದೆ ಅದಕ್ಕೆ ಹದವಾದ ಹೊಲವಾಯಿತು.

ಔಷಧ ಇಲ್ಲವೆಂದಲ್ಲ. ಮೂರು ಬಗೆಯ ಮಾತ್ರೆ, ವರ್ಷದ ಮೇಲೆ ನುಂಗಬೇಕು. ಹೊಟ್ಟೆ ಕೆಡಿಸುವುದು ಒಂದು, ಕಿವಿಯಲ್ಲಿ ಗುಂಯ್ ಎನಿಸುವುದು ಇನ್ನೊಂದು. ಮೂರನೆಯದು ಕೆಲವರ ಕಣ್ಣಿನ ನರಕ್ಕೇ ಕೈ ಹಾಕುತ್ತದೆ. ಇಂಥ ಔಷಧವನ್ನು ಯಾರಿಗೆ ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಎಂದು ಡಾಕ್ಟರುಗಳು ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲಿ ಮುಂಬಿಂಬ ಯಂತ್ರ ಬಂತು. ಎದೆಯ ಪದರ ಪದರದ ಚಿತ್ರ ಒಂದು ಸಲ ತೆಗೆಯುವುದು, ಕೆಲವು ತಿಂಗಳ ಮೇಲೆ ಇನ್ನೊಂದು ಸಲ ತೆಗೆಯುವುದು. ಮೊದಲನೆಯದರ ಒಂದೊಂದು ಚುಕ್ಕಿಯನ್ನೂ ಎರಡನೆಯದರ ಅದೇ ಚುಕ್ಕಿಗೆ ಹೊಂದಿಸಿ, ಯಾವುದು ಯಾವ ಕಡೆಗೆ ಹೊರಟಿದೆ ಎಂದು ಲೆಕ್ಕ ಹಾಕಿ, ಆ ಎದೆ ಮುಂದೆ ಹೇಗಿರುತ್ತದೆ ಎಂಬ ಮೂರನೆಯ ಚಿತ್ರವನ್ನು ಯಂತ್ರವೇ ಬರೆದು ಕೊಡುತ್ತದೆ. ಗಾಳಿ ಆಡುವ ಕಡೆ ಹಸಿರು, ಹಾಳಾಗುವ ಕಡೆ ಕೆಂಪು. ಹೆಚ್ಚು ಹಸಿರಿದ್ದವರಿಗೆ ಮಾತ್ರೆ ನಿಲ್ಲಿಸುತ್ತಾರೆ, ಕೆಂಪಿದ್ದವರಿಗೆ ಮುಂದುವರಿಸುತ್ತಾರೆ. ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು, ಯಂತ್ರ ತಪ್ಪಿದ್ದು ತೀರಾ ಕಡಿಮೆ. ಆ ಸಾವಿರಾರು ಜನರಲ್ಲಿ ಅಕ್ಕಸಾಲಿಗಳು ಎಷ್ಟಿದ್ದರು ಎಂದು ಯಾರೂ ಕೇಳಿರಲಿಲ್ಲ.

ಅಪ್ಪನ ಮೊದಲ ಚಿತ್ರ ತೆಗೆದದ್ದು ಊರೂರು ತಿರುಗುವ ವ್ಯಾನಿನಲ್ಲಿ. ಒಳಗೆ ಮಲಗಿದರೆ ಒಂದು ಹೆಣ್ಣುದನಿ, ಮನುಷ್ಯರದಲ್ಲ, ಮುದ್ರಿಸಿಟ್ಟ ದನಿ, ಉಸಿರು ಎಳೆದು ಹಿಡಿಯಿರಿ ಎನ್ನುತ್ತದೆ. ಎದೆಯ ಮೇಲಿನ ಪಟ್ಟಿ ಅಲುಗಾಟ ನೋಡುತ್ತದೆ, ಎದೆ ನಿಶ್ಚಲವಾದ ಕೂಡಲೇ ಚಿತ್ರ ತೆಗೆಯುತ್ತದೆ. ಅಪ್ಪ ಹೊರಗೆ ಬಂದವನು, ಬಲು ನಯದ ಹೆಣ್ಣುಮಗಳು, ಎಷ್ಟು ಸಲ ಹೇಳಿದರೂ ಬೇಸರವಿಲ್ಲ, ನಿಮ್ಮವ್ವನ ಹಾಗಲ್ಲ ಎಂದು ಅವ್ವನಿಗೆ ಕೇಳುವಂತೆಯೇ ಹೇಳಿದ. ಚಿತ್ರದಲ್ಲಿ ಬಲಗಡೆ ಮೇಲ್ಭಾಗದಲ್ಲಿ ಗಂಟುಗಳು, ಒಂದು ಸಣ್ಣ ಗವಿ. ಮಾತ್ರೆ ಶುರುವಾಯಿತು.

ನಮ್ಮ ಮನೆಯ ಒಂದು ಪದ್ಧತಿ ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉಂಗುರ, ಓಲೆ, ಸರ, ಯಾವುದನ್ನಾದರೂ ಗ್ಯಾಸಿನ ಉರಿಯಲ್ಲಿ ಬೆಸೆಯುತ್ತಿದ್ದ ಅಪ್ಪ. ತಾಳಿಯನ್ನು ಮಾತ್ರ ಇಲ್ಲ. ತಾಳಿಯ ಬೆಸುಗೆಗೆ ಎಣ್ಣೆಯ ದೀಪ ಹಚ್ಚಿ, ಊದುಗೊಳವೆ ಬಾಯಿಗಿಟ್ಟು, ಮನುಷ್ಯನ ಉಸಿರಿನಿಂದಲೇ ಉರಿಯನ್ನು ಚೂಪು ಮಾಡಿ ತಾಗಿಸಬೇಕು. ಅಪ್ಪನ ಅಪ್ಪ ಹಾಗೆ ಮಾಡುತ್ತಿದ್ದ, ಅವನಪ್ಪನೂ ಹಾಗೇ. ಸುತ್ತಲಿನ ಹಳ್ಳಿಯವರು ಪೇಟೆಯ ದೊಡ್ಡ ಅಂಗಡಿಗಳನ್ನು ಬಿಟ್ಟು ತಾಳಿಗೆಂದೇ ನಮ್ಮ ಮನೆಗೆ ಬರುತ್ತಿದ್ದರು. ಆ ಬೆಸುಗೆಯಲ್ಲಿ ಬಣ್ಣವೇ ಎಲ್ಲ. ಚಿನ್ನ ಕಾಯುತ್ತ ಕಾಯುತ್ತ ಮಾಗಿದ ಹಣ್ಣಿನ ಕೆಂಪಿಗೆ ಬಂದ ಕ್ಷಣದಲ್ಲಿ ಬೆಸುಗೆ ಹರಿಯುತ್ತದೆ, ಮರುಕ್ಷಣ ಉರಿ ಹಿಂದೆ ಸರಿಯಬೇಕು. ತಡವಾದರೆ ತಾಳಿಯೇ ಕರಗಿ ಗುಂಡಾಗುತ್ತದೆ.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಅಪ್ಪ ಸಂತೆಯಿಂದ ಬರೀ ಕಾಯಿ ಟೊಮೆಟೊ ತಂದ. ಅವ್ವ ಬೈದಳು. ಮುಂದಿನ ಸಂತೆಗೂ ಅದೇ. ಇವರನ್ನು ಸಂತೆಗೆ ಕಳಿಸಿದರೆ ವರ್ಷವಿಡೀ ಕಾಯಿಚಟ್ನಿಯೇ ಗತಿ ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಹಾಡಿದಳು. ಅಪ್ಪ ನಗಲಿಲ್ಲ. ಟೊಮೆಟೊವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತ ಕೂತಿದ್ದ. ಕೆಂಪು, ಹಸಿರು ಎರಡೂ ಅವನಿಗೆ ಒಂದೇ ಮಣ್ಣಿನ ಬಣ್ಣವಾಗಿದ್ದವು. ಅವ್ವ ಆಮೇಲೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನನಗೆ ಕಂಡಿತು.

ಅದೇ ದಿನಗಳಲ್ಲಿ ಅವ್ವನ ತಾಳಿಯ ಕೊಂಡಿ ಕಳಚಿತು. ಸವೆದು ಸವೆದು ತೆಳ್ಳಗಾಗಿತ್ತು, ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುವಾಗ ಬಿದ್ದುಹೋಯಿತು. ಅವ್ವ ತಾಳಿ, ಕೊಂಡಿ ಎರಡನ್ನೂ ತಂದು ಅಪ್ಪನ ಕೈಗಿಟ್ಟಳು. ಅಪ್ಪ ದೀಪ ಹಚ್ಚಿದ, ಗೊಳವೆ ಬಾಯಿಗಿಟ್ಟ, ಮತ್ತೆ ಕೆಳಗಿಟ್ಟ. ಬಣ್ಣ ತಿಳಿಯದೆ ಹೆಂಡತಿಯ ತಾಳಿಗೆ ಉರಿ ಹಿಡಿಯುವ ಧೈರ್ಯ ಅವನಿಗಿರಲಿಲ್ಲ. ಬೇರೆ ಅಕ್ಕಸಾಲಿಯ ಹತ್ತಿರ ಒಯ್ಯಲು ಅವ್ವ ಒಪ್ಪಲಿಲ್ಲ. ಅಕ್ಕಸಾಲಿಯ ಹೆಂಡತಿ ತಾಳಿ ಹಿಡಿದುಕೊಂಡು ಇನ್ನೊಬ್ಬರ ಕಟ್ಟೆ ಏರುವುದೆಂದರೇನು ಎಂದು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಓಡಾಡಿದಳು. ಕೇಳಿದವರಿಗೆಲ್ಲ, ನಮ್ಮ ಮನೆಯವರು ಹೊಸ ನಮೂನೆ ಮಾಡುತ್ತಿದ್ದಾರೆ ಎನ್ನುತ್ತಿದ್ದಳು. ಅಪ್ಪ ದಿನಾ ಆ ಕೊಂಬನ್ನು ನೋಡುತ್ತಿದ್ದ. ಅವನಿಗೆ ಇನ್ನೇನೂ ಬೇಕಿರಲಿಲ್ಲ, ಕಣ್ಣು ಮರಳಿ ಬಂದು ಆ ತಾಳಿಯೊಂದನ್ನು ಬೆಸೆಯುವುದು ಬೇಕಿತ್ತು.

ಎರಡನೆಯ ಚಿತ್ರದ ಹೊತ್ತಿಗೆ ಅಪ್ಪನ ದವಡೆಹಲ್ಲು ಕೆಟ್ಟು ಕೀಳಿಸಬೇಕಾಯಿತು. ಗಲ್ಲ ಊದಿಕೊಂಡಿತ್ತು, ಬಾಯಿ ಬಿಡಲೂ ನೋವು. ಅದೇ ಸ್ಥಿತಿಯಲ್ಲಿ ನಮ್ಮ ಕೇಂದ್ರಕ್ಕೆ ಬಂದು ಮಲಗಿದ. ರಕ್ತಸಂಬಂಧಿಕರ ಬಿಂಬವನ್ನು ನಾವು ಮುಟ್ಟಬಾರದೆಂಬ ನಿಯಮವಿದೆ, ಆದ್ದರಿಂದ ನಾನು ಹೊರಗಿನ ಬೆಂಚಿನ ಮೇಲೆ ಅವ್ವನ ಜೊತೆ ಕೂತಿದ್ದೆ. ಹತ್ತು ವರ್ಷ ಕಂಟ್ರೋಲ್ ರೂಮಿನಲ್ಲಿ ಕೂತವಳಿಗೆ ಬೆಂಚಿನ ಮೇಲೆ ಕೂರುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು.

ಡಾಕ್ಟರ್ ಶಂಶಾದ್ ನದಾಫ್ ತಾವೇ ಹೊರಗೆ ಬಂದು ಕರೆದರು. ಗಟ್ಟಿ ಹೆಣ್ಣುಮಗಳು, ಸುಮ್ಮನೆ ಸಮಾಧಾನದ ಮಾತು ಆಡುವವರಲ್ಲ. ಅವರ ಮುಖದಲ್ಲಿ ನಗು ಕಂಡು ಅವ್ವ ಅಲ್ಲೇ ಕೈ ಮುಗಿದಳು. ತೆರೆಯ ಮೇಲೆ ಅಪ್ಪನ ಮುಂಬಿಂಬವಿತ್ತು, ಬಹುಪಾಲು ಹಸಿರು. ಗಂಟುಗಳು ತೆಳುವಾಗಿದ್ದವು, ಕುಗ್ಗಿದ್ದ ಶ್ವಾಸಕೋಶ ಬಿಚ್ಚಿಕೊಂಡಿತ್ತು, ಇದೇ ದಾರಿಯಲ್ಲಿ ಹೋದರೆ ಮಾತ್ರೆಯಿಲ್ಲದೆಯೂ ಎದೆ ಉಳಿಯುತ್ತದೆ ಎಂದು ಯಂತ್ರ ಹೇಳುತ್ತಿತ್ತು. ಕಣ್ಣಿನ ಸ್ಥಿತಿ ನೋಡಿದರೆ ಮಾತ್ರೆಯನ್ನು ಈ ದಿನವೇ ನಿಲ್ಲಿಸುವುದು ಒಳ್ಳೆಯದು, ಬಣ್ಣ ನಿಧಾನಕ್ಕೆ ಮರಳಬಹುದು ಎಂದರು ಡಾಕ್ಟರು. ಅಪ್ಪ ತೆರೆಯನ್ನು ದಿಟ್ಟಿಸಿದ. ಅವನಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ, ಎಲ್ಲ ಒಂದೇ ಮಣ್ಣು.

"ಕಾಳಿ, ಯಾವ ಬಣ್ಣ ಐತಿ?" ಎಂದು ಕೇಳಿದ.

"ಹಸರ ಐತ್ರಿ," ಎಂದಳು ಅವ್ವ. "ಕಾಯಿ ಟೊಮೆಟೊದಂಗ ಹಸರ."

ಅಂದು ಮನೆಯಲ್ಲಿ ಹೋಳಿಗೆ. ಅವ್ವ ಓಣಿಗೆಲ್ಲ ಹಂಚಿದಳು. ಕಿರಾಣಿ ಅಂಗಡಿಯವನಿಂದ ಹಿಡಿದು ಎಲ್ಲರಿಗೂ ಹಸಿರು ಹಸಿರು ಎಂದು ಹೇಳಿ ಬಂದಳು. ನಾನೂ ತಿಂದೆ, ಎರಡು ಹೆಚ್ಚೇ ತಿಂದೆ.

ಕಣ್ಣು ನಿಜವಾಗಿಯೂ ಮರಳಿತು. ಮೊದಲು ಅವ್ವನ ಕುಂಕುಮ ಕಂಡಿತು, ಆಮೇಲೆ ಬಾಗಿಲ ತೋರಣ. ಒಂದು ಸಂತೆಯ ದಿನ ಅಪ್ಪ ಚೀಲದ ತುಂಬ ಹಣ್ಣು ಟೊಮೆಟೊ ಆರಿಸಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಸುರಿದ. ಅವ್ವ ಒಂದೊಂದನ್ನೇ ಎತ್ತಿ ನೋಡಿ, ಒಂದಾದರೂ ಕಾಯಿ ಸಿಗುತ್ತದೇನೋ ಎಂದು ಹುಡುಕಿ, ಸಿಗದೆ ಎಲ್ಲವನ್ನೂ ಬುಟ್ಟಿಗೆ ತುಂಬಿದಳು. ಅಪ್ಪ ಕೈ ಪಳಗಲಿ ಎಂದು ತಾಮ್ರದ ತುಂಡುಗಳ ಮೇಲೆ ಬೆಸುಗೆ ಶುರು ಮಾಡಿದ. ಕಣ್ಣಿನ ಮೇಲೆ ಪೂರಾ ನಂಬಿಕೆ ಬರುವವರೆಗೆ ತಾಳಿ ಮುಟ್ಟುವುದಿಲ್ಲ ಎಂದ. ಅವ್ವನೂ ಅವಸರ ಮಾಡಲಿಲ್ಲ.

ಅದೇ ಹೊತ್ತಿಗೆ ಕೆಮ್ಮು ತಿರುಗಿ ಬಂದಿತ್ತು. ಅಂಗಿ ಸಡಿಲವಾಯಿತು. ಮೆಟ್ಟಿಲೇರಿದರೆ ಕಂಬ ಹಿಡಿದು ನಿಲ್ಲುತ್ತಿದ್ದ. ಅವ್ವ ಹೇಳಿದರೆ ಅಪ್ಪನದು ಒಂದೇ ಮಾತು, ಹಸಿರು ಬಂದಿದೆಯಲ್ಲ. ನೆರೆಯವರೂ ಅದನ್ನೇ ಅಂದರು. ಕೇಂದ್ರದಲ್ಲಿ ನನ್ನ ಜೊತೆಯವರೂ ಹಳೆಯ ಗಾಯ ಒಣಗುವಾಗ ಕೆಮ್ಮು ಇರುತ್ತದೆ, ಮುಂಬಿಂಬ ಹಸಿರಿದ್ದ ಮೇಲೆ ಮುಂದಿನ ಚಿತ್ರದವರೆಗೆ ಕಾದು ನೋಡು ಎಂದರು. ಮನುಷ್ಯ ಕಣ್ಣೆದುರಿಗೆ ಕರಗುತ್ತಿದ್ದ, ನಾವು ಚಿತ್ರವನ್ನು ನಂಬಿಕೊಂಡು ಕೂತಿದ್ದೆವು. ನನಗೆ ಸಿಟ್ಟು ಬರುವುದು ಯಂತ್ರದ ಮೇಲಲ್ಲ, ಅದಕ್ಕೇನು ಗೊತ್ತು ಪಾಪ. ಕೆಮ್ಮು ಕಿವಿಗೆ ಕೇಳಿಸುತ್ತಿದ್ದರೂ ಹಸಿರು ಹಸಿರು ಎಂದ ನಮ್ಮೆಲ್ಲರ ಮೇಲೆ.

ಒಂದು ಭಾನುವಾರ ಬೆಳಿಗ್ಗೆ ಚಹಾ ಕೊಡಲು ಹೋದಾಗ ಅಪ್ಪ ತಾಮ್ರದ ಮುಂದೆ ಕೂತು ಊದುತ್ತಿದ್ದ. ಸೆಕೆಯಿತ್ತು, ಅಂಗಿ ಹಾಕಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ದೃಶ್ಯವೇ ಅದು. ಆದರೆ ಈಗ ಮೈಯಲ್ಲಿ ಮಾಂಸವಿರಲಿಲ್ಲ, ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು, ಆದ್ದರಿಂದ ಹಿಂದೆಂದೂ ಕಾಣದ್ದು ಕಂಡಿತು. ದೀಪದ ಉರಿ ಒಂದಿಷ್ಟೂ ನಡುಗದೆ ಸೂಜಿಯ ಹಾಗೆ ನಿಂತಿತ್ತು. ಗಲ್ಲಗಳು ಎರಡೂ ದುಂಡಗೆ ತುಂಬಿದ್ದವು. ಎದೆ ಮಾತ್ರ ಖಾಲಿಯಾಗಿ ಒಳಗೆ ಕುಸಿದಿತ್ತು. ಮೂಗಿನಿಂದ ಚೂರು ಚೂರು ಗಾಳಿ ಎಳೆಯುತ್ತಿದ್ದ, ಅದು ನೇರ ಗಲ್ಲಕ್ಕೆ ಹೋಗಿ ಅಲ್ಲಿಂದ ಗೊಳವೆಗೆ ಹೋಗುತ್ತಿತ್ತು. ಎದೆಗೆ ಅದರಲ್ಲಿ ಪಾಲೇ ಇರಲಿಲ್ಲ. ಚಹಾದ ಲೋಟ ಕೆಳಗಿಟ್ಟೆ.

ಅವನು ಗೊಳವೆ ಇಳಿಸುವವರೆಗೆ ಕಾದು ಕೇಳಿದೆ. "ಅಪ್ಪಾ, ಆ ವ್ಯಾನಿನಾಗ ಮಲಗಿದಾಗ ಉಸಿರು ಹಿಡಿ ಅಂದ್ರಲ್ಲ, ಎಲ್ಲಿ ಹಿಡದಿದ್ದಿ?"

ಅಪ್ಪ ನನ್ನನ್ನು ಹುಚ್ಚಿಯ ಹಾಗೆ ನೋಡಿದ. ಗಲ್ಲ ತಟ್ಟಿ ತೋರಿಸಿದ. "ಇಲ್ಲೇ. ಮತ್ತೆಲ್ಲಿ ಹಿಡೀತಾರ?"

ಹುಡುಗನಾಗಿದ್ದಾಗಿನಿಂದ ಅವನ ಅಪ್ಪ ಕಲಿಸಿದ್ದು ಅದೇ. ಉಸಿರು ಎಳೆದು ಹಿಡಿ ಎಂದ ಕೂಡಲೇ ಆ ಮೈಗೆ ಗೊತ್ತಿದ್ದದ್ದು ಅದೊಂದೇ ರೀತಿ, ಗಲ್ಲ ತುಂಬುತ್ತದೆ, ಎದೆ ಸಡಿಲಾಗಿ ತಣ್ಣಗೆ ಕೂರುತ್ತದೆ. ಎದೆ ಅಲುಗಲಿಲ್ಲ, ಯಂತ್ರಕ್ಕೆ ಅಷ್ಟೇ ಸಾಕಿತ್ತು. ಖಾಲಿ ಎದೆಯ ಚಿತ್ರವನ್ನು ತುಂಬಿದ ಎದೆಯೆಂದು ಬಗೆದು, ಇವನ ಶ್ವಾಸಕೋಶ ಕುಗ್ಗಿದೆ, ಗಂಟುಗಳು ದಟ್ಟವಾಗಿವೆ ಎಂದು ಬರೆದುಕೊಂಡಿತು. ಎರಡನೆಯ ಸಲ ಹಲ್ಲುನೋವಿಗೆ ಗಲ್ಲ ತುಂಬಲು ಆಗಲಿಲ್ಲ, ದಾರಿ ಕಾಣದೆ ಉಸಿರನ್ನು ಎದೆಯಲ್ಲಿ ಹಿಡಿದ. ಎದೆ ಅರಳಿತು, ಗಂಟುಗಳ ನಡುವೆ ಗಾಳಿ ತುಂಬಿ ಎಲ್ಲ ತೆಳುವಾಗಿ ಕಂಡಿತು. ಮೊದಲು ಖಾಲಿ, ಆಮೇಲೆ ತುಂಬಿದ್ದು. ಅದನ್ನೇ ಯಂತ್ರ ಗುಣ ಎಂದು ತಿಳಿಯಿತು. ಹಸಿರು ಬಂದದ್ದು ಔಷಧದಿಂದಲ್ಲ, ಕೆಟ್ಟ ಹಲ್ಲಿನಿಂದ.

ಸೋಮವಾರ ಕೇಂದ್ರ ತೆರೆಯುವ ಮೊದಲೇ ಡಾಕ್ಟರ್ ನದಾಫರ ಮುಂದೆ ನಿಂತೆ. ನಿಯಮ ಗೊತ್ತಿದೆ, ಆದರೂ ಅಪ್ಪನ ಹಳೆಯ ಬಿಂಬ ತೆರೆಯಿರಿ ಎಂದೆ. ಯಾಕೆ ಎಂದು ಹೇಳಿದೆ. ಅವರು ತೆರೆದರು. ಎದೆಗೂ ಹೊಟ್ಟೆಗೂ ನಡುವಿನ ಪೊರೆ ಮೊದಲ ಚಿತ್ರದಲ್ಲಿ ಎಷ್ಟೋ ಮೇಲಿತ್ತು, ಎರಡನೆಯದರಲ್ಲಿ ಕೆಳಗಿತ್ತು. ಹೇಳಿದ ಮೇಲೆ ಕಣ್ಣಿಗೆ ಹೊಡೆದು ಕಾಣುವಂತಿತ್ತು. ರೋಗದಿಂದಲೂ ಶ್ವಾಸಕೋಶ ಹೀಗೆ ಕುಗ್ಗುತ್ತದೆ, ಯಂತ್ರ ಅದನ್ನು ರೋಗವೆಂದೇ ಎಣಿಸಿತು, ನಾನೂ ಎಣಿಸಿದೆ ಎಂದರು ಡಾಕ್ಟರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇವತ್ತೇ ಇನ್ನೊಂದು ಚಿತ್ರ ತೆಗೆಯೋಣ ಎಂದರು. ಅವರನ್ನು ಬೈಯಬೇಕೆಂದೇ ಹೋದವಳು ನಾನು, ಅಪ್ಪನನ್ನು ಕರೆತರಲು ಮನೆಗೆ ಓಡಿದೆ.

ಅಂದೇ ಮಧ್ಯಾಹ್ನ ಮೂರನೆಯ ಚಿತ್ರ ತೆಗೆದರು. ಈ ಸಲ ನಾನು ಬೆಂಚಿನ ಮೇಲೆ ಕೂರಲಿಲ್ಲ. ಅಪ್ಪನ ತಲೆಯ ಹತ್ತಿರ ನಿಂತು ಎರಡೂ ಅಂಗೈಯನ್ನು ಅವನ ಗಲ್ಲದ ಮೇಲಿಟ್ಟುಕೊಂಡೆ. ಗಲ್ಲ ತುಂಬತೊಡಗಿದಾಗಲೆಲ್ಲ ಒತ್ತಿದೆ. ಎದೆಯಲ್ಲಿ ಹಿಡಿ ಎಂದರೆ ಕೆಮ್ಮು ಬರುತ್ತಿತ್ತು. ಎದ್ದು ಕೂತು, ಸುಧಾರಿಸಿಕೊಂಡು, ಮತ್ತೆ ಮಲಗುತ್ತಿದ್ದ. ಇದೇನವ್ವ, ಕೂಸಿಗೆ ಹಾಲು ಕುಡಿಸಿದ ಹಾಗೆ ಗಲ್ಲ ಹಿಡಿದಿದ್ದೀ ಎಂದು ನಡುವೆ ತಮಾಷೆ ಮಾಡಿದ. ಕಡೆಗೆ ಹೇಗೋ ಒಂದು ಸಲ ಎದೆ ತುಂಬಿ ನಿಂತಿತು. ಕೈಕೆಳಗೆ ಅವನ ದವಡೆ ನಡುಗುತ್ತಿತ್ತು.

ತುಂಬಿದ ಎದೆಯ ಎರಡು ಚಿತ್ರಗಳು ಈಗ ಇದ್ದವು, ಹಲ್ಲುನೋವಿನ ದಿನದ್ದು ಮತ್ತು ಈ ದಿನದ್ದು. ಅವೆರಡನ್ನು ಹೊಂದಿಸಿ ಡಾಕ್ಟರು ಮುಂಬಿಂಬಕ್ಕೆ ಕೊಟ್ಟರು. ನೋಡುವುದು ಬಿಡುವುದು ರೋಗಿಯ ಇಷ್ಟ, ಹಾಗೆಂದು ಕಾನೂನಿದೆ. ಅಪ್ಪ ನೋಡುತ್ತೇನೆ ಎಂದ. ಅವ್ವ ಅವನ ಪಕ್ಕದಲ್ಲಿ ನಿಂತಳು, ಕೈ ತಾನಾಗಿ ಕೊರಳಿನ ಅರಿಶಿನ ಕೊಂಬಿಗೆ ಹೋಗಿತ್ತು. ತೆರೆಯ ಮೇಲೆ ಚಿತ್ರ ಮೂಡಿತು. ಬಲಗಡೆ ಪೂರಾ ಹೋಗಿತ್ತು. ಹಾಳು ಎಡಗಡೆಗೂ ಮೇಲಿನಿಂದ ಇಳಿದು ಬರುತ್ತಿತ್ತು. ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಹಸಿರು ಉಳಿದಿತ್ತು, ಅಷ್ಟೇ.

ಅಪ್ಪ ಮುಂದಕ್ಕೆ ಬಗ್ಗಿದ. ಯಾರನ್ನೂ ಕೇಳಲಿಲ್ಲ. ತೆರೆಯ ಹತ್ತಿರ ಮುಖ ಒಯ್ದು, ಕಣ್ಣು ಕಿರಿದು ಮಾಡಿ, ಹಿಗ್ಗಿಸಿ, ಒಳ್ಳೆಯ ಕಲ್ಲನ್ನು ಪರೀಕ್ಷಿಸುವಾಗ ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಅವನ ಮುಖ ಅರಳಿತು.

"ಕೆಂಪ ಐತಿ," ಎಂದ. "ಕಾಳಿ, ಕೆಂಪ ಐತಿ. ನನಗ ಕಾಣಾಕತ್ತೈತಿ."

ಅವ್ವ ಗೋಡೆಗೆ ಮುಖ ಮಾಡಿ ಅತ್ತಳು. ಡಾಕ್ಟರ್ ನದಾಫರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅಪ್ಪನಿಗೆ ಚಿತ್ರದ ಅರ್ಥ ತಿಳಿಯಲಿಲ್ಲವೆಂದಲ್ಲ, ಚೆನ್ನಾಗಿ ತಿಳಿದಿತ್ತು. ಸಂತೋಷ ಮಾತ್ರ ತಡೆಯಲಾಗಲಿಲ್ಲ ಅವನಿಗೆ. ಆ ಕೆಂಪನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ ಚಿನ್ನದ ಕೆಂಪೂ ಕಾಣುತ್ತದೆ ಎಂದು ಅವನಿಗೆ ಗೊತ್ತಾಗಿತ್ತು.

ಮಾತ್ರೆ ಮತ್ತೆ ಶುರು ಮಾಡಬೇಕು, ಉಳಿದ ಅಂಗೈಯಗಲವನ್ನು ಸ್ವಲ್ಪ ಕಾಲ ಹಿಡಿದಿಡಬಹುದು, ಆದರೆ ಒಮ್ಮೆ ಪೆಟ್ಟು ತಿಂದ ಕಣ್ಣಿನ ನರ ಈ ಸಲ ಹೋದರೆ ಮರಳಲಾರದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿಗೆ ಹೊಡೆಯುವ ಆ ಒಂದು ಮಾತ್ರೆ ಬಿಟ್ಟು ಬರೀ ಎರಡು ಕೊಟ್ಟರೆ ಹೇಗೆ ಎಂದು ನಾನು ವಾದಿಸಿದೆ. ಎರಡೇ ಕೊಟ್ಟರೆ ರೋಗಾಣು ಅವನ್ನೂ ಗೆದ್ದು ಕೂರುತ್ತದೆ ಎಂದರು. ಅಪ್ಪ ಇಬ್ಬರ ಮಾತನ್ನೂ ಕೇಳಿ, ತನಗೆ ಒಂದೇ ಒಂದು ಕೆಲಸವಿದೆ, ಅದು ಮುಗಿದ ದಿನವೇ ಮಾತ್ರೆ ನುಂಗುತ್ತೇನೆ ಎಂದ. ಎಷ್ಟು ದಿನದ ಕೆಲಸ ಎಂದು ಡಾಕ್ಟರು ಕೇಳಿದರು. ಅಪ್ಪ ಅವ್ವನ ಕೊರಳಿನ ಕಡೆ ಕೈ ತೋರಿಸಿದ. ನದಾಫರಿಗೆ ಅದೆಲ್ಲ ಗೊತ್ತಿರಲಿಲ್ಲ, ಕೊಂಬನ್ನು ನೋಡಿ ಅರ್ಥ ಮಾಡಿಕೊಂಡರು. ನಾಳೆ ಸಂಜೆ ಬನ್ನಿ ಎಂದರು.

ಆಮೇಲಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅಪ್ಪ ಮಾತ್ರೆ ನುಂಗಿದ. ಶ್ರಾವಣ ಮುಗಿಯುವ ಮೊದಲೇ ಬಣ್ಣ ಹೋಯಿತು, ಮತ್ತೆ ಬರಲಿಲ್ಲ. ಉಸಿರು ಚಳಿಗಾಲದವರೆಗೆ ಬಂತು, ಯಂತ್ರ ಬರೆದುಕೊಟ್ಟಿದ್ದಕ್ಕಿಂತ ಸ್ವಲ್ಪ ಹೆಚ್ಚೇ. ಹೋಗುವ ಮುನ್ನ ಬಹಳ ಒದ್ದಾಡಿದ, ಅದನ್ನು ಬರೆಯಲಾರೆ. ಕೊರಳಿನದು ತೆಗೆಯಲು ಓಣಿಯ ಹೆಂಗಸರು ಬಂದಾಗ ಅವ್ವ ಯಾರನ್ನೂ ಮುಟ್ಟಗೊಡಲಿಲ್ಲ, ತಾನೇ ತೆಗೆದು ಊದುಗೊಳವೆಯ ಜೊತೆ ಅವನ ಪೆಟ್ಟಿಗೆಯಲ್ಲಿಟ್ಟಳು. ಡಾಕ್ಟರ್ ನದಾಫರು ಮೇಲಿನವರ ಹತ್ತಿರ ಜಗಳವಾಡಿ ಹೊಸ ಆಜ್ಞೆ ತರಿಸಿದರು, ಈಗ ನಮ್ಮ ಕೇಂದ್ರದಲ್ಲಿ ಚಿತ್ರ ತೆಗೆಯುವ ಮುನ್ನ ರೋಗಿಯ ಗಲ್ಲವನ್ನು ಮನುಷ್ಯರೊಬ್ಬರು ಮುಟ್ಟಿ ನೋಡಬೇಕು. ಆ ಕೆಲಸ ನಾನು ಕೇಳಿ ಪಡೆದೆ. ಕೆಲವರು ಮುಜುಗರಪಡುತ್ತಾರೆ, ಕೆಲವರು ನಗುತ್ತಾರೆ. ದೂರದ ಊರಿನ ಒಬ್ಬ ಮುದುಕ ಅಕ್ಕಸಾಲಿ ಹೋದ ವಾರ ಬಂದಿದ್ದ, ಉಸಿರು ಹಿಡಿ ಎಂದ ಕೂಡಲೇ ಅವನ ಗಲ್ಲ ನನ್ನ ಅಂಗೈ ತುಂಬಿತು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು.

ಈಗ ಹಿಂದಕ್ಕೆ, ಕೆಂಪು ಚಿತ್ರ ಬಂದ ಮರುದಿನ ಬೆಳಗಿನ ಮಾತು. ಅಪ್ಪ ಸ್ನಾನ ಮಾಡಿ, ದೀಪಕ್ಕೆ ಎಣ್ಣೆ ಹಾಕಿ, ತಾಳಿಯನ್ನು ಇದ್ದಿಲ ತುಂಡಿನ ಮೇಲಿಟ್ಟ. ಕೊಂಡಿಯನ್ನು ಇಕ್ಕಳದಲ್ಲಿ ಕೂರಿಸಿ, ಬೆಸುಗೆ ಹರಿಯಲೆಂದು ಬಿಳಿಗಾರ ಸವರಿ, ಬೆಸುಗೆಯ ಚೂರು ಇಟ್ಟ. ಅವ್ವ ಎದುರಿಗೆ ಕಾಲು ಮಡಚಿ ಕೂತಿದ್ದಳು. ಅವನು ಗೊಳವೆ ಬಾಯಿಗಿಟ್ಟು ಊದಿದ, ಉರಿ ಚೂಪಾಯಿತು, ಚಿನ್ನ ಕಾಯತೊಡಗಿತು, ಅಷ್ಟರಲ್ಲಿ ಕೆಮ್ಮು. ಉರಿ ಚದುರಿತು. ಮತ್ತೆ ಊದಿದ, ಮತ್ತೆ ಕೆಮ್ಮು. ಮೂರನೆಯ ಸಲ ಗೊಳವೆಯ ತುದಿಗೆ ರಕ್ತ ಹತ್ತಿತು, ಬಟ್ಟೆಯಿಂದ ಒರೆಸಿದ, ಅವ್ವನಿಗೆ ಕಾಣದ ಹಾಗೆ. ಅವಳಿಗೆ ಕಂಡಿತ್ತು.

ಗ್ಯಾಸಿನ ಉರಿ ಪಕ್ಕದ ಹಲಗೆಯ ಮೇಲೆಯೇ ಇತ್ತು. ನಾನು ಅದರ ಕಡೆ ನೋಡಿದೆ. ಅಪ್ಪ ತಲೆ ಅಲ್ಲಾಡಿಸಿದ. ಗೊಳವೆಯನ್ನು ಇನ್ನೊಮ್ಮೆ ಚೆನ್ನಾಗಿ ಒರೆಸಿ ನನ್ನ ಕೈಗೆ ಕೊಟ್ಟ.

ಈ ಮನೆಯಲ್ಲಿ ಹೆಣ್ಣುಮಕ್ಕಳು ಎಂದೂ ಊದಿದ್ದಿಲ್ಲ ಎಂದಳು ಅವ್ವ. ಬೇಡವೆಂದು ಅಂದದ್ದಲ್ಲ, ಬಾಯಿಗೆ ಬಂದದ್ದು ಅಂದಳು.

"ಅಕಿ ಉಸಿರೂ ನಂದ," ಎಂದ ಅಪ್ಪ.

ನಾನು ಎದೆ ತುಂಬ ಗಾಳಿ ಎಳೆದು ಊದಿದೆ. ಉರಿ ಬಳುಕಿ ಆಚೆ ಬಿತ್ತು. ಇನ್ನೊಂದು ಸಲ ಊದಿದರೂ ಹಾಗೇ. ಕೇಂದ್ರದಲ್ಲಿ ಇಡೀ ದಿನ ಜನ ಹಿಡಿದ ಉಸಿರಿನ ಚಿತ್ರ ಹೊಂದಿಸುವವಳು ನಾನು, ಒಂದು ದೀಪ ನಿಲ್ಲಿಸಲು ಆಗಲಿಲ್ಲ. ಅಪ್ಪ ಹತ್ತಿರ ಸರಿದು ಬೆರಳಿನಿಂದ ನನ್ನ ಗಲ್ಲ ಮುಟ್ಟಿದ.

"ಎದೀಲೆ ಅಲ್ಲವ್ವ. ಇಲ್ಲಿ ಹಿಡಿ. ಎದೀ ಮರತಬಿಡು."

ಗಲ್ಲ ತುಂಬಿಕೊಂಡೆ. ಎದೆ ಸಡಿಲ ಬಿಟ್ಟೆ. ಮೂಗಿನಿಂದ ಚೂರು ಎಳೆದೆ, ಗಲ್ಲದಿಂದ ಬಿಟ್ಟೆ. ಮೊದಲು ನಡುಗಿತು, ಆಮೇಲೆ ಉರಿ ನೆಟ್ಟಗಾಗಿ ತಾಳಿಯ ಕೊಂಡಿಗೆ ತಾಗಿ ನಿಂತಿತು. ಕಣ್ಣು ತುಂಬಿ ಬಂದು ನನಗೆ ಚಿನ್ನದ ಬಣ್ಣ ಕಾಣದಾಯಿತು. ನೋಡುವ ಕೆಲಸ ನನ್ನದಲ್ಲ, ಅದಕ್ಕೆ ಅಪ್ಪ ಇದ್ದ. ಅವನ ಬೆರಳು ಇನ್ನೂ ನನ್ನ ಗಲ್ಲದ ಮೇಲೆಯೇ ಇತ್ತು. ಅವ್ವ ಉಸಿರಾಡುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ.

"ಹಿಡಿ," ಎನ್ನುತ್ತಿದ್ದ ಅಪ್ಪ, ತಾಳಿಯಿಂದ ಕಣ್ಣು ಕೀಳದೆ. "ಬಿಡಬ್ಯಾಡ. ಇನ್ನಷ್ಟು. ಹಿಡಿ... ಆತು, ಕೆಂಪಾತು. ಹರೀತು ನೋಡು. ಸಾಕವ್ವ. ಉಸಿರು ಬಿಡು ಇನ್ನ."